ಗೌಜಲಕ್ಕಿ ತಿಂದವರ ಹಾಜರಿ

ಝುಂಬರಬಾಯಿ ತನ್ನ ಮಗನಿಗೆ ಫೌಜದಾರ ಎಂದು ಹೆಸರಿಟ್ಟದ್ದು ಪೊಲೀಸರ ಮೇಲಿನ ಪ್ರೀತಿಯಿಂದ ಅಲ್ಲ. ಅವಳು ಹೆತ್ತ ದಿನ ನಸುಕಿನಲ್ಲೇ ಖರ್ಡಗಾಂವದ ಹೊರಗೆ ಬೇಟೆಗಾರ ಪಾರಧಿಗಳು ಗುಡಿಸಲು ಹಾಕಿಕೊಂಡಿದ್ದ ವಸ್ತಿಗೆ ಪೊಲೀಸರು ನುಗ್ಗಿದ್ದರು. ಯಾರದೋ ಕುರಿ ಕಳುವಾಗಿತ್ತಂತೆ. ಸುತ್ತಲಿನ ಊರುಗಳಲ್ಲಿ ಏನೇ ಕಳುವಾಗಲಿ, ಮೊದಲು ವಸ್ತಿಗೆ ಬರುವುದು ಅವರ ರೂಢಿ. ಆಗಿನ ಠಾಣೆಯ ಸಾಹೇಬ, ಅಂದರೆ ಊರವರು ಫೌಜದಾರ ಎನ್ನುವವನು, ಬೂಟುಗಾಲಲ್ಲೇ ಗುಡಿಸಲೊಳಗೆ ಬಂದು, ಬಾಣಂತಿಗೆಂದು ಒಲೆಯ ಮೇಲಿಟ್ಟಿದ್ದ ಗಂಜಿಯ ಗಡಿಗೆಯನ್ನು ಒದ್ದು ಉರುಳಿಸಿದ. ಅದರೊಳಗೆ ಕುರಿ ಇರಬಹುದೆಂದು ಅವನಿಗೆ ಅನ್ನಿಸಿತ್ತೋ ಏನೋ. ಕುರಿ ಸಿಗಲಿಲ್ಲ, ಗಂಜಿಯೂ ಉಳಿಯಲಿಲ್ಲ. ಮೂಲೆಯಲ್ಲಿ ಕೂಸನ್ನು ಎದೆಗವಚಿಕೊಂಡು ಕೂತಿದ್ದ ಝುಂಬರಬಾಯಿ ಆಗಲೇ ಹೆಸರು ಹೇಳಿಬಿಟ್ಟಳು.

"ಇವನ ಹೆಸರು ಫೌಜದಾರ. ನಾ ಕರದ್ರ ಬರಬೇಕು, ನಾ ನೀಡಿದ್ದು ತಿನ್ನಬೇಕು, ತಪ್ಪು ಮಾಡಿದ್ರ ನನ್ನ ಕೈಲೆ ಕಪಾಳಕ್ಕ ತಿನ್ನಬೇಕು. ಅಂಥಾ ಒಬ್ಬ ಫೌಜದಾರ ಈ ಊರಾಗ ಇರ್ಲಿ."

ವಸ್ತಿಯಲ್ಲಿ ಇಂಥ ಹೆಸರು ಹೊಸದೇನಲ್ಲ. ಅವಳ ಗಂಡನ ಹೆಸರು ಬ್ಯಾಟರಿ ಕಾಳೆ. ಓಣಿಯ ಕೊನೆಯ ಗುಡಿಸಲಿನ ಹಿರಿಯನ ಹೆಸರು ಕಲೆಕ್ಟರ್ ಭೋಸಲೆ. ಕಲೆಕ್ಟರ್ ಅಜ್ಜನಿಗೆ ಹಲ್ಲೆಲ್ಲ ಉದುರಿದ್ದರೂ ರೇಷನ್ ಕಾರ್ಡ್ ಮಾತ್ರ ಇನ್ನೂ ಆಗಿರಲಿಲ್ಲ. ಹೊರಗಿನವರು ಕೊಡದೆ ಇದ್ದದ್ದನ್ನು ಹೆಸರಿನಲ್ಲಾದರೂ ಕಸಿದುಕೊಳ್ಳುವ ಜನ ಅವರು. ನಗುವವರು ನಗಲಿ.

ಆ ಫೌಜದಾರ ಈಗ ಮೀಸೆ ಬಂದ ಗಂಡಾಳು. ಅವನನ್ನು ಪೊಲೀಸರು ಎತ್ತಿಕೊಂಡು ಹೋಗಿದ್ದರು.

ಊರಿನ ಸರಾಫ ಬಾಫಣಾ ಸೇಠ ಸಂಜೆ ದೀಪ ಹಚ್ಚುವ ಹೊತ್ತಿಗೆ ಆರತಿಗೆಂದು ದೇವಸ್ಥಾನಕ್ಕೆ ಹೋಗಿದ್ದಾಗ, ಅಂಗಡಿಯ ಆಳಿನ ತಲೆ ಒಡೆದು ಯಾರೋ ಚಿನ್ನ ದೋಚಿದ್ದರು. ತುಂಬಿದ ಬಾಜಾರ. ಎಡಕ್ಕೆ ಬಟ್ಟೆ ಅಂಗಡಿ, ಬಲಕ್ಕೆ ಚಹಾದ ಗಾಡಿ, ಎದುರಿಗೆ ದರ್ಜಿ. ಆದರೆ ಯಾರನ್ನು ಕೇಳಿದರೂ ಅದೇ ಹೊತ್ತಿಗೆ ಬೆನ್ನು ತಿರುಗಿಸಿ ಕೂತಿದ್ದೆ ಎನ್ನುವವರೇ. ಯಾರೂ ಬಾಯಿ ಬಿಡದೆ ಇದ್ದಾಗ ಠಾಣೆಯ ಹವಾಲದಾರ, ಮಗರ ಎಂಬವನು, ಜೀಪು ತೆಗೆದುಕೊಂಡು ನೇರ ವಸ್ತಿಗೆ ಬಂದು, ಉರುಲು ಹೆಣೆಯುತ್ತ ಕೂತಿದ್ದ ಫೌಜದಾರನ ಕೊರಳಪಟ್ಟಿ ಹಿಡಿದಿದ್ದ.

ಝುಂಬರಬಾಯಿ ರೊಟ್ಟಿ ಕಟ್ಟಿಕೊಂಡು ಠಾಣೆಗೆ ಹೋದಳು. ಬಾಗಿಲಲ್ಲಿ ಹೊಸದಾಗಿ ಬದಲಿಯಾಗಿ ಬಂದ ಪಹರೆಯವನಿದ್ದ.

"ಯಾರ ಬೇಕು?"

"ಫೌಜದಾರ ಬೇಕು."

"ಏನು ಕೆಲಸ?"

"ಊಟಕ್ಕ."

ಪಹರೆಯವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸಾಹೇಬ್ರನ್ನ ಊಟಕ್ಕ ಕರಿಯಾಕ ಬಂದಿಯೇನು?"

"ಕರಿಯಾಕ ಯಾಕ? ಇಲ್ಲೇ ತಂದೀನಿ. ಲಗೂನ ಹೇಳು, ಬ್ಯಾಳಿ ಆರಾಕತ್ತೇತಿ."

ಪಾಪ, ಅವನು ಒಳಗೆ ಹೋಗಿ, ಒಬ್ಬ ಹೆಂಗಸು ಫೌಜದಾರ ಸಾಹೇಬರಿಗೆ ಊಟ ತಂದಿದ್ದಾಳೆ ಎಂದು ಹೇಳಿಯೇಬಿಟ್ಟ. ಒಳಗಿನಿಂದ ನಗು ಕೇಳಿಸಿತು. ನಗುವಿನ ಹಿಂದೆಯೇ ಮಗರ ಹವಾಲದಾರ ಹೊಟ್ಟೆ ಮುಂದೆ ಮಾಡಿಕೊಂಡು ಹೊರಗೆ ಬಂದ.

"ಏ ಝುಂಬರೆ, ಇಲ್ಲಿ ನಾಟಕ ಮಾಡಬ್ಯಾಡ. ನಿನ್ನ ಮಗಾ ಒಪ್ಕೊಳ್ಳಲಿ. ಎರಡು ಬಂಗಾರದ ಸಾಮಾನು ತಂದು ಮುಂದ ಇಡು. ಹೊಸಾ ಸಾಹೇಬ್ರಿಗೆ ಹೇಳಿ ಕೇಸು ಹಗುರ ಮಾಡಸ್ತೀನಿ."

"ಸಾಮಾನು ಎಲ್ಲಿಂದ ತರ್ಲಿ?"

"ನಿಮ್ಮ ಮಂದಿಗೆ ಅದನ್ನೂ ನಾನ ಕಲಿಸಬೇಕೇನು?"

ಝುಂಬರಬಾಯಿಯ ಮೈ ಉರಿದುಹೋಯಿತು. ಆದರೂ ದನಿ ಏರಿಸಲಿಲ್ಲ. "ಹವಾಲದಾರ, ಆವತ್ತು ದೀಪಾ ಹಚ್ಚೋ ಹೊತ್ತಿಗೆ ನನ್ನ ಮಗಾ ಎಲ್ಲಿದ್ದ ಅನ್ನೂದು ನನಗಿಂತ ನಿನ್ನ ಹೊಟ್ಟಿಗೆ ಚಲೋ ಗೊತ್ತೈತಿ."

ಮಗರ ಆಚೀಚೆ ನೋಡಿದ. ನಿಜವೇನೆಂದರೆ, ಕಳುವಾದ ಸಂಜೆ ಹಿಂದಿನ ಸಾಹೇಬನ ಬದಲಿಯ ಬೀಳ್ಕೊಡುಗೆ ಇತ್ತು. ಪೊಲೀಸ್ ಕ್ವಾರ್ಟರ್ಸ್ ಹಿಂದೆ ಚಪ್ಪರ ಹಾಕಿ, ಇಡೀ ಠಾಣೆಯೇ ಅಲ್ಲಿ ಕೂತಿತ್ತು. ಸಾಹೇಬನಿಗೆ ಗೌಜಲಕ್ಕಿಯ ಆಸೆ. ಹಿಡಿಯುವುದು ಕಾನೂನಿಗೆ ವಿರುದ್ಧ ಎಂದು ಮಗರನಿಗೆ ಗೊತ್ತಿತ್ತು. ಹಿಡಿಯಬಲ್ಲವರು ಯಾರೆಂಬುದೂ ಗೊತ್ತಿತ್ತು. ಅವನೇ ವಸ್ತಿಗೆ ಬಂದು ಹೇಳಿ ಹೋಗಿದ್ದ. ತಾಯಿ ಮಗ ಇಬ್ಬರೂ ಹೊಲದ ಬದುಗಳಲ್ಲಿ ಉರುಲು ಹಾಕಿ ಹಿಡಿದ ಹಕ್ಕಿಗಳನ್ನು ಫೌಜದಾರ ಒಯ್ದು, ನಲ್ಲಿಯ ಹತ್ತಿರ ಕೂತು ಪುಕ್ಕ ಕಿತ್ತು, ಸುಟ್ಟು, ತುಂಡು ಮಾಡಿ ಕೊಟ್ಟು, ಊಟ ಮುಗಿಯುವವರೆಗೂ ಅಲ್ಲೇ ಇದ್ದ. ಬಾಜಾರದಲ್ಲಿ ಕಳವು ನಡೆದಾಗ ಗಸ್ತು ತಿರುಗಬೇಕಾದವರು ಎಲುಬು ಚೀಪುತ್ತಿದ್ದರು. ಹೊಸ ಸಾಹೇಬನಿಗೆ ಮಾತ್ರ, ತಾವೆಲ್ಲ ಗಸ್ತಿನಲ್ಲಿದ್ದೆವೆಂದು ವರದಿ ಒಪ್ಪಿಸಿದ್ದರು.

ಮಗರ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ಆ ಮಾತು ಇನ್ನೊಮ್ಮೆ ಎತ್ತಿದಿ ಅಂದ್ರ ಹಕ್ಕಿ ಹಿಡದ ಕೇಸು ನಿನ್ನ ಮ್ಯಾಲೂ ಬೀಳ್ತೈತಿ. ತಾಯಿ ಮಗಾ ಕೂಡೇ ಕೊಳೀರಿ."

ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಹೆತ್ತವಳಿಗೆ ಮಗನ ಕೆಮ್ಮು ಗೊತ್ತಾಗದೆ ಇರುತ್ತದೆಯೇ. ಅದು ಚಳಿಯ ಕೆಮ್ಮಲ್ಲ, ಪಕ್ಕೆಗೆ ಪೆಟ್ಟು ಬಿದ್ದವನ ಕೆಮ್ಮು. ರೊಟ್ಟಿಯ ಗಂಟನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ನಿಂತಾಗ, ಉಜ್ವಲಾ ಘಾಡಗೆ ಎಂಬ ಹೆಣ್ಣು ಶಿಪಾಯಿ ಮೆಟ್ಟಿಲಿಳಿದು ಬಂದಳು.

"ಕೊಡ್ರಿ ಆಯಿ, ನಾ ತಿನ್ನಸ್ತೀನಿ," ಎಂದು ಗಂಟು ಇಸಿದುಕೊಂಡಳು. ಕಣ್ಣಿಗೆ ಕಣ್ಣು ಕೊಡಲಿಲ್ಲ. ಆದರೆ ಆ ಠಾಣೆಯ ಅಂಗಳದಲ್ಲಿ ಝುಂಬರಬಾಯಿಗೆ ಯಾರಾದರೂ 'ರೀ' ಹಚ್ಚಿ ಮಾತಾಡಿಸಿದ್ದು ಅದೇ ಮೊದಲು.

ವಸ್ತಿಗೆ ಬಂದರೆ ಕಲೆಕ್ಟರ್ ಅಜ್ಜ ಬೇವಿನ ಕೆಳಗೆ ಕಾಯುತ್ತಿದ್ದ. ಅವನಿಗೆ ಒಂದು ಸಂಗತಿ ಗೊತ್ತಿತ್ತು, ಝುಂಬರಬಾಯಿ ಅವನೊಬ್ಬನಿಗೇ ಹೇಳಿದ್ದಳು. ಕಳುವಿನ ಸಂಜೆ ಅವಳು ಸರಾಫರ ಓಣಿಯ ಬಾಯಲ್ಲಿ ಮಣಿಸರ, ಸೂಜಿ, ಪಿನ್ನು ಹರಡಿಕೊಂಡು ಕೂತಿದ್ದಳು. ಬಾಫಣಾನ ಅಂಗಡಿಯಿಂದ ಓಡಿ ಬಂದು ಮೋಟಾರ್ ಸೈಕಲ್ ಹತ್ತಿದ ಇಬ್ಬರನ್ನೂ ಕಣ್ಣಾರೆ ಕಂಡಿದ್ದಳು. ಮುಖ ಕಟ್ಟಿಕೊಂಡಿದ್ದರು ನಿಜ, ಆದರೆ ಪಾರಧಿಯವಳಿಗೆ ಮುಖ ಯಾಕೆ ಬೇಕು. ಹೆಜ್ಜೆ ಇಡುವ ರೀತಿ ಸಾಕು. ಅವರಲ್ಲಿ ಒಬ್ಬನನ್ನು ಇಡೀ ಊರೇ ಬಲ್ಲದು, ದೊಡ್ಡ ಮನೆಯ ಮಗ.

"ಅಜ್ಜಾ, ಹೆಸರು ಹೇಳಿಬಿಡ್ಲೇನು? ಹುಡುಗನ್ನ ಬಡದು ಹಾಕ್ತಾರ ಅವರು."

"ನಿನ್ನ ಗಂಡಾ ಹೇಳಿದ್ನಲ್ಲ, ಏನಾತು?"

ಏನಾಯಿತೆಂದು ಅವಳಿಗೆ ಬೇರೆಯವರು ಹೇಳಬೇಕಿರಲಿಲ್ಲ. ಬ್ಯಾಟರಿ ಒಮ್ಮೆ ಯಾರದೋ ಬಾವಿಯ ಮೋಟಾರು ಕಳಚುತ್ತಿದ್ದ ಕಳ್ಳರನ್ನು ಕಂಡು, ಒಳ್ಳೆಯವನಾಗಲು ಹೋಗಿ, ಠಾಣೆಗೆ ನಡೆದು ಹೇಳಿ ಬಂದಿದ್ದ. ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಕಂಡೆ ಎಂದ. ಆ ಹೊತ್ತಿನಲ್ಲಿ ನೀನು ಅಲ್ಲೇನು ಮಾಡುತ್ತಿದ್ದೆ ಎಂದು ಕೇಳಿದರು. ಅಲ್ಲಿಂದ ಮುಂದೆ ಅವನೇ ಕಳ್ಳ. ಜೈಲಿನಿಂದ ಸೊಟ್ಟಗಾದ ಕೈಯೊಂದಿಗೆ ಬಂದವನು ಮತ್ತೆ ಉರುಲು ಕಟ್ಟಲಿಲ್ಲ, ಹೆಚ್ಚು ದಿನ ಬದುಕಲೂ ಇಲ್ಲ. ಅವತ್ತಿನಿಂದ ವಸ್ತಿಯಲ್ಲಿ ಪೊಲೀಸರ ಮುಂದೆ ನಾಲಿಗೆ ಆಡಿಸಬಾರದೆಂಬುದು ಪಂಚರ ಕಟ್ಟಳೆಯಾಯಿತು.

"ನಮ್ಮಪ್ಪ ತಂತಿ ಬೇಲಿ ಒಳಗಿದ್ದಾವ," ಎಂದ ಕಲೆಕ್ಟರ್ ಅಜ್ಜ. "ಹುಟ್ಟಾ ಕಳ್ಳರು ಅಂತ ಬ್ರಿಟಿಷರು ನಮ್ಮ ಮಂದೀನ್ನ ಬೇಲ್ಯಾಗ ಇಟ್ಟು, ಹೊತ್ತು ಹೊತ್ತಿಗೆ ಹಾಜರಿ ತಗೋತಿದ್ರು. ಹೆಸರು ಕರದ್ರ ಎದ್ದು ನಿಂತು ಹಾಜರ್ ಅನ್ನಬೇಕು. ಬ್ರಿಟಿಷರು ಹ್ವಾದ್ರು, ಬೇಲಿ ಹೋತು. ಮಗರ ಈಗೂ ಬಾಜಾರದ ದಿನಾ ನಮ್ಮ ಹುಡುಗರನ್ನ ಠಾಣೆ ಮುಂದ ಕೂಡಿಸಿ ಹಾಜರಿ ತಗೋತಾನ. ಆ ಒಂದು ಶಬ್ದ ಬಿಟ್ರ ನಮ್ಮ ಬಾಯಿಂದ ಅವರಿಗೆ ಇನ್ನೊಂದು ಶಬ್ದ ಬ್ಯಾಡವಾ. ಏನು ಹೇಳಿದ್ರೂ ಅದು ನಮ್ಮ ಕೊರಳಿಗೇ ಬರ್ತೈತಿ."

ಅಜ್ಜ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಳ್ಳನ ಹೆಸರು ಹೇಳಿದರೆ ತಾನೂ ಕಳ್ಳಿ. ಹೇಳದಿದ್ದರೆ ಮಗ ಕಳ್ಳ. ಆದರೆ ಮಗನನ್ನು ಬಿಡಿಸಲು ಕಳ್ಳನ ಹೆಸರೇ ಬೇಕೆಂದು ಯಾರು ಹೇಳಿದರು? ಕಳುವಾದ ರಾತ್ರಿ ಆ ಊಟ ಮುಗಿಸಿ ಮನೆಗೆ ಬಂದ ಫೌಜದಾರ ಯಾರು ಹೇಗೆ ತಿಂದರೆಂದು ಒಬ್ಬೊಬ್ಬರದೂ ಅಣಕ ಮಾಡಿ ತೋರಿಸಿ, ತಾಯಿಯನ್ನು ಹೊಟ್ಟೆ ಹಿಡಿದುಕೊಂಡು ನಗಿಸಿದ್ದ. ಅವಳಿಗೆ ಅದೆಲ್ಲ ನೆನಪಾಯಿತು.

"ಅಜ್ಜಾ," ಎಂದಳು, "ಹಾಜರಿ ಹೆಂಗ ಕರೀತಿದ್ರು, ಇನ್ನೊಮ್ಮೆ ಹೇಳು."

ಮರುದಿನ ಬೆಳಿಗ್ಗೆ ಬಾಜಾರದ ಕಟ್ಟೆಯ ಮೇಲೆ ಪೊಲೀಸರ ಸಭೆ ಇತ್ತು. ಹೊಸ ಫೌಜದಾರನ ಹೆಸರು ಸೋನಟಕ್ಕೆ, ಇನ್ನೂ ಎಳೆಯ ವಯಸ್ಸು, ಇಸ್ತ್ರಿ ಮುರಿಯದ ಬಟ್ಟೆ. ಕೆಟ್ಟವನಲ್ಲ. ಓದಿಕೊಂಡವನು, ಜನ ಪೊಲೀಸರ ಹತ್ತಿರ ಬರಬೇಕೆಂದು ಮನಸ್ಸಿನಿಂದಲೇ ಬಯಸಿದವನು. ಆದರೆ ಜನ ಯಾಕೆ ಬರುವುದಿಲ್ಲವೆಂದು ಯಾರನ್ನೂ ಕೇಳಿರಲಿಲ್ಲ. ಅವನ ತಲೆಯ ಮೇಲೆ ದೊಡ್ಡ ಬ್ಯಾನರು: 'ಪೊಲೀಸರು ನಿಮ್ಮ ಗೆಳೆಯರು. ಮುಂದೆ ಬನ್ನಿ, ಹೆದರದೆ ಹೇಳಿ.' ಹಿಂದೆ ಕುರ್ಚಿಗಳ ಮೇಲೆ ಮಗರ ಮೊದಲಾಗಿ ಠಾಣೆಯ ಸಿಬ್ಬಂದಿ. ಮುಂದೆ ಅಂಗಡಿಕಾರರು, ಸಂತೆಗೆ ಬಂದವರು, ಬಿಟ್ಟಿ ಚಹಾಕ್ಕೆ ಬಂದವರು. ಝುಂಬರಬಾಯಿ ಮಣಿಸರದ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅಂಚಿನಲ್ಲಿ ನಿಂತಳು.

ಸೋನಟಕ್ಕೆ ಮೈಕ್ ಹಿಡಿದು ಬಹಳ ಚೆನ್ನಾಗಿ ಮಾತಾಡಿದ. ಜನರ ಸಹಕಾರವಿಲ್ಲದೆ ಪೊಲೀಸರು ಕುರುಡರಿದ್ದಂತೆ ಎಂದ. ಸಾಕ್ಷಿ ಹೇಳುವವರಿಗೆ ತಾನೇ ಬೆಂಗಾವಲು ಎಂದ. ಕೊನೆಗೆ, ಸರಾಫರ ಓಣಿಯಲ್ಲಿ ಆವತ್ತು ಏನಾದರೂ ಕಂಡವರು ಎದ್ದು ನಿಲ್ಲಿ ಎಂದ. ಯಾರೂ ಏಳಲಿಲ್ಲ. ದರ್ಜಿ ಉಗುರು ನೋಡಿಕೊಂಡ. ಚಹಾದವನಿಗೆ ಒಮ್ಮೆಲೆ ಗ್ಲಾಸು ತೊಳೆಯುವ ಕೆಲಸ ನೆನಪಾಯಿತು. ತಲೆಗೆ ಬಟ್ಟೆ ಕಟ್ಟಿದ ಅಂಗಡಿಯ ಆಳು ಬಾಫಣಾ ಸೇಠನ ಮುಖ ನೋಡಿದ, ಸೇಠ ಆಕಾಶ ನೋಡಿದ.

"ಇಷ್ಟು ಮಂದಿ ಇದ್ದೀರಿ, ಒಬ್ಬರಿಗೂ ಕಣ್ಣಿಲ್ಲೇನ್ರಿ?" ಸೋನಟಕ್ಕೆಗೆ ರೇಗಿತು. "ಹೆದರಿಕಿ ಯಾರ್ದು?"

"ನಾ ಮಾತಾಡ್ತೀನಿ," ಎಂದಳು ಝುಂಬರಬಾಯಿ.

ಜನ ಹಿಂತಿರುಗಿ ನೋಡಿ ದಾರಿ ಬಿಟ್ಟರು. ಕೆಲವರು ಮೈಗೆ ತಾಗದ ಹಾಗೆ ಸರಿದರು, ಅದೂ ಅವಳಿಗೆ ರೂಢಿಯೇ. ಮಗರ ಕುರ್ಚಿಯಿಂದ ಅರ್ಧ ಎದ್ದ.

"ಹೇಳು ಬಾಯಿ, ಏನು ನೋಡಿದಿ?" ಎಂದ ಸೋನಟಕ್ಕೆ.

"ಸಾಹೇಬ್ರ, ನನಗ ಓದಾಕ ಬರೂದಿಲ್ಲ. ಆ ಬಟ್ಟಿ ಮ್ಯಾಲ 'ಬನ್ನಿ', 'ಹೇಳಿ' ಅಂತ ಬರದೈತಿ ಅಂತ ಮಂದಿ ಓದಿ ಹೇಳಿದ್ರು. ಹೌದಲ್ರಿ?"

"ಹೌದು."

"ಹಂಗಿದ್ರ ನನಗ ಯಾಕ 'ಹೇಳು'? ಆ 'ಹೇಳಿ' ಅನ್ನೂದು ಯಾರಿಗೆ ಬರದದ್ದು?"

ಸಂತೆಯವರ ಕಡೆಯಿಂದ ಕಿಸಕ್ಕೆಂದು ನಗು ಬಂತು. ಸೋನಟಕ್ಕೆಯ ಕಿವಿ ಕೆಂಪಾದವು. ಆದರೂ ಅವನು ನುಂಗಿಕೊಂಡ. "ಹೇಳ್ರಿ," ಎಂದ.

"ನನ್ನ ಮಗಾ ಫೌಜದಾರ ಕಾಳೆ ನಿಮ್ಮ ಠಾಣೆ ಒಳಗದಾನ. ಕಳುವು ಆದಾಗ ಅವ ಓಣಿಯಾಗ ಇರ್ಲಿಲ್ಲ, ಬ್ಯಾರೆ ಕಡೆ ಇದ್ದ. ಅಲ್ಲಿ ಅವನ್ನ ನೋಡಿದ ಸಾಕ್ಷಿದಾರರು ಭಾಳ ಮಂದಿ ಅದಾರ್ರಿ."

"ಅದಾರಂದ್ರ ಮುಂದ ಬರ್ಲಿ. ನಾ ಅದನ್ನ ಹೇಳಾಕತ್ತೀನಲ್ರಿ."

"ಬರವಲ್ರು. ಹೆದರ್ಯಾರ."

"ಯಾರಿಗೆ ಹೆದರ್ಯಾರ? ಎಲ್ಲದಾರ ಅವರು?"

ಝುಂಬರಬಾಯಿ ಬುಟ್ಟಿಯನ್ನು ನೆಲಕ್ಕಿಟ್ಟು, ಕೈ ಎತ್ತಿ ತೋರಿಸಿದಳು. "ನಿಮ್ಮ ಬೆನ್ನ ಹಿಂದ ಕುರ್ಚಿ ಮ್ಯಾಲ ಕುಂತಾರ."

ಸೋನಟಕ್ಕೆ ತಿರುಗಿ ನೋಡಿದ. ಕುರ್ಚಿಗಳಲ್ಲಿ ಕೂತವರು ಒಬ್ಬರನ್ನೊಬ್ಬರು ನೋಡಿದರು.

"ಸಾಹೇಬ್, ಈಕಿ ಪಾರಧ್ಯಾರಾಕಿ, ಈಕಿ ಮಾತಿಗೆ..." ಎಂದು ಮಗರ ಶುರು ಮಾಡಿದ.

"ಮಗರ ಹವಾಲದಾರ ನಮ್ಮ ಹುಡುಗರದು ಬಾಜಾರದ ದಿನಾ ಹಾಜರಿ ತಗೋತಾನ್ರಿ," ಝುಂಬರಬಾಯಿ ಅವನ ಮಾತನ್ನು ಅಲ್ಲೇ ತುಂಡರಿಸಿದಳು. "ಹೆಸರು ಕರದ್ರ ಎದ್ದು ನಿಂತು ಹಾಜರ್ ಅನ್ನಬೇಕು. ನಮ್ಮಪ್ಪನ ಕಾಲದಿಂದ ಅಂದೀವಿ. ಇವತ್ತು ನಾ ಒಂದು ಹಾಜರಿ ತಗೋತೀನಿ. ಕಳುವಿನ ದಿನಾ ಸಂಜೀಕ, ಕ್ವಾರ್ಟರ್ಸ್ ಹಿಂದ, ಹಳೇ ಸಾಹೇಬ್ರ ಊಟದಾಗ, ನನ್ನ ಮಗಾ ಸುಟ್ಟುಕೊಟ್ಟ ಗೌಜಲಕ್ಕಿ ತಿಂದವರ ಹಾಜರಿ."

ಚಹಾದವನ ಕೈಯಲ್ಲಿ ಗ್ಲಾಸು ಹಾಗೆಯೇ ನಿಂತಿತು.

ಅವಳು ದನಿ ಎತ್ತಿದಳು. ತಂತಿ ಬೇಲಿಯ ಹಿಂದೆ ನಿಂತ ಜನರನ್ನು ಯಾವ ರಾಗದಲ್ಲಿ ಕರೆಯುತ್ತಿದ್ದರೋ, ಅಜ್ಜ ಕಲಿಸಿದ ಅದೇ ರಾಗದಲ್ಲಿ ಕರೆದಳು.

"ಮಗರ ಹವಾಲದಾರ! ಹಕ್ಕಿ ತರಾಕ ವಸ್ತಿಗೆ ಹೇಳಿ ಹೋದಾವ. ಖಾರ ಕಡಿಮಿ ಆಗೇತಿ ಅಂತ ನನ್ನ ಮಗನ್ನ ಬೈದಾವ. ಕಾಲು ತೊಡಿ ಎಲ್ಲಾ ತನ್ನ ತಾಟಿಗೆ ಬಳಕೊಂಡಾವ. ಹಾಜರ್?"

ಮಗರ ಏಳಲಿಲ್ಲ. ಯಾರೋ ಹಿಂದಿನಿಂದ "ಗೈರು," ಎಂದು ಕೂಗಿದರು. ನಗುವಿನ ಅಲೆ ಎದ್ದಿತು.

"ಡ್ರೈವರ್ ಲೋಂಢೆ! ಎಲುಬು ಗಂಟಲಾಗ ಸಿಕ್ಕು ಕಣ್ಣಾಗ ನೀರು ತಂದಾವ. ನನ್ನ ಮಗಾ ಬೆನ್ನು ಗುದ್ದಿ ಉಳಿಸಿದ. ಜೀವಾ ಉಳಸಿದವನ್ನ ಮರುದಿನಾ ಜೀಪಿನಾಗ ಹಾಕ್ಕೊಂಡು ಹ್ವಾದಾವ. ಹಾಜರ್?"

ಲೋಂಢೆ ಗಂಟಲು ಮುಟ್ಟಿಕೊಂಡ, ಎದ್ದು ಮಾತ್ರ ನಿಲ್ಲಲಿಲ್ಲ. ಆದರೆ ಆ ಕೈ ಗಂಟಲಿಗೆ ಹೋದದ್ದನ್ನು ಇಡೀ ಬಾಜಾರ ಕಂಡಿತು. ನಗು ಇನ್ನೂ ಜೋರಾಯಿತು.

"ಶಿಪಾಯಿ ಕುಂಭಾರ! ಇವತ್ತು ನನಗ ಉಪಾಸ ಅಂತ ಹೇಳಿ ತಿನ್ನಲಾರದ ಕುಂತಾವ. ಆಮ್ಯಾಲ ಡಬ್ಬಿ ತುಂಬ್ಕೊಂಡು ಮನಿಗೆ ಒಯ್ದಾವ. ಡಬ್ಬಿಗೂ ಉಪಾಸ ಇತ್ತೇನ್ರಿ? ಹಾಜರ್?"

ಈಗ ಬಾಫಣಾ ಸೇಠನೂ ಮೀಸೆ ಮರೆಯಲ್ಲಿ ನಕ್ಕ. ಆದರೆ ಝುಂಬರಬಾಯಿ ನಗಲಿಲ್ಲ. ನಗುವ ಜನ ಸಂಜೆಗೆ ಮನೆಗೆ ಹೋಗುತ್ತಾರೆ, ಮಗ ಅಲ್ಲೇ ಉಳಿಯುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಒಬ್ಬನಾದರೂ ಏಳದಿದ್ದರೆ ಇದೆಲ್ಲ ಸಂತೆಯ ತಮಾಷೆಯಾಗಿ ಮುಗಿದುಹೋಗುತ್ತದೆ. ಅದಕ್ಕೂ ಸೇರಿಸಿ ಮಗನ ಪಕ್ಕೆಗೆ ಪೆಟ್ಟು ಬೀಳುತ್ತದೆ.

"ನಮ್ಮ ಪಂಚಾಯತಿಯಾಗ ಖರೇ ಹೇಳಾಕತ್ತೀನಿ ಅನ್ನಾವ ಕಾದ ಎಣ್ಣ್ಯಾಗ ಕೈ ಹಾಕಿ ತೋರಿಸಬೇಕ್ರಿ," ಎಂದಳು. "ನಿಮಗ ಎಣ್ಣಿ ಬ್ಯಾಡ. ಎದ್ದು ನಿಂತ್ರ ಸಾಕು. ಅಷ್ಟೂ ಆಗೂದಿಲ್ಲೇನು?"

ಆಗಲಿಲ್ಲ. ಕುರ್ಚಿಗಳು ಅಲುಗಲಿಲ್ಲ.

ಅವಳು ಕಡೆಯ ಹೆಸರನ್ನು ಕರೆದಳು, ಈ ಸಲ ರಾಗವಿಲ್ಲದೆ. "ಶಿಪಾಯಿ ಉಜ್ವಲಾ ಘಾಡಗೆ. ಗಂಡಸರೆಲ್ಲಾ ಕುಂತು ತಿನ್ನಾಕತ್ತಾಗ ಒಬ್ಬಾಕೀನ ರೊಟ್ಟಿ ಬಡದಾಕಿ. ನನ್ನ ಮಗಗ ನೀರು ಕೊಟ್ಟು, ನೀ ಉಂಡೀ ಏನೋ ಅಂತ ಕೇಳಿದಾಕಿ. ತಾನು ಒಂದು ಚೂರೂ ತಿನ್ನಲಾರದಾಕಿ. ಅದಕ್ಕ ಈ ಹಾಜರ್‍ಯಾಗ ನಿನ್ನ ಹೆಸರು ಇರಬಾರದಾಗಿತ್ತವಾ. ಆದ್ರ ನನಗ ಬ್ಯಾರೆ ಯಾರೂ ಉಳದಿಲ್ಲ."

ಕೊನೆಯ ಕುರ್ಚಿಯಲ್ಲಿದ್ದ ಉಜ್ವಲಾ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಒತ್ತಿಕೊಂಡು ಕೂತಿದ್ದಳು. ಮಗರ ಅವಳ ಕಡೆ ನೋಡಿದ ನೋಟದಲ್ಲಿ ಬೆದರಿಕೆಯೂ ಇತ್ತು, ಬೇಡಿಕೆಯೂ ಇತ್ತು. ಅವಳು ಟೋಪಿ ಸರಿಮಾಡಿಕೊಂಡು ಎದ್ದು ನಿಂತಳು.

"ಹಾಜರ್," ಎಂದಳು.

ಯಾರೂ ನಗಲಿಲ್ಲ.

"ದೀಪಾ ಹಚ್ಚೂಕಿಂತ ಮೊದಲ ಬಂದಿದ್ದ ಸರ್," ಎಂದು ಸೋನಟಕ್ಕೆಗೆ ಹೇಳಿದಳು. "ಸಾಹೇಬ್ರಿಗೆ ಹಾರ ಹಾಕೂತನ ನಲ್ಲಿ ಕಡೇನ ಇದ್ದ. ಕಳುವಿನ ಫೋನ್ ಬಂದಾಗ ಅವ ಪಾತ್ರೆ ತಿಕ್ಕಾಕತ್ತಿದ್ದ. ಆ ಫೋನ್ ಎತ್ತಿದಾಕಿ ನಾನ."

ಸೋನಟಕ್ಕೆ ಸಿಬ್ಬಂದಿಯ ಕಡೆ ತಿರುಗಿದ. "ಅಂದ್ರ ಗಸ್ತಿನಾಗ ಯಾರಿದ್ರಿ?" ಎಂದು ಕೇಳಿದ. ಮೈಕ್ ಇನ್ನೂ ಅವನ ಕೈಯಲ್ಲೇ ಇತ್ತು. ಆ ಪ್ರಶ್ನೆ ಬಾಜಾರದ ತುಂಬ ಕೇಳಿಸಿತು. ಕುರ್ಚಿಯಲ್ಲಿದ್ದವರು ತಮ್ಮ ಬೂಟು ನೋಡಿಕೊಂಡರು. ಅವನು ಝುಂಬರಬಾಯಿಯ ಕಡೆ ತಿರುಗಿದ.

"ಆ ಹಕ್ಕಿ ಹಿಡಿಯೂದು ಗುನ್ಹೆ ಅಂತ ಗೊತ್ತೈತೇನ್ರಿ ನಿಮಗ?"

"ಗೊತ್ತೈತ್ರಿ. ಹಿಡದದ್ದು ನಾನೂ ನನ್ನ ಮಗಾನೂ. ಹಾಕ್ರಿ ಕೇಸು. ಆದ್ರ ತಿಂದವರ ಹೆಸರೂ ಅದರಾಗ ಬರೀರಿ. ಪಂಗ್ತಿ ಒಂದ ಇತ್ತು, ಕೇಸೂ ಒಂದ ಇರ್ಲಿ."

ಕೇಸು ಆಗಲಿಲ್ಲ. ಆಗುವಂತಿರಲಿಲ್ಲ, ಊರಿನ ಠಾಣೆಯೇ ಖಾಲಿಯಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಫೌಜದಾರ ಗೋಡೆ ಹಿಡಿದುಕೊಂಡು ಠಾಣೆಯ ಮೆಟ್ಟಿಲು ಇಳಿದು ಬಂದ. ಬಲಗೈ ಬಾತುಕೊಂಡಿತ್ತು, ಬೆರಳು ಮಡಚುತ್ತಿರಲಿಲ್ಲ. ಝುಂಬರಬಾಯಿ ಆ ಕೈ ನೋಡಿದಳು. ಗಂಡನ ಕೈ ಕಣ್ಣ ಮುಂದೆ ಬಂತು. ಅಷ್ಟು ಜನರ ಮುಂದೆ ತುಂಡಾಗದ ಅವಳ ದನಿ ಅಲ್ಲಿ ತುಂಡಾಯಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಮಗನ ಎಡಗೈ ಹಿಡಿದು, ಬಾಜಾರದ ನಡುವಿನಿಂದಲೇ ಕರೆದುಕೊಂಡು ಹೋದಳು. ಹಿಂದಿನ ಓಣಿಯಿಂದ ಹೋಗಿ ಎಂದು ಪಹರೆಯವನು ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ಬಾಜಾರದ ದಿನ ಇನ್ನೊಮ್ಮೆ ಬರುವ ಮೊದಲೇ ಸೋನಟಕ್ಕೆ ಒಬ್ಬನೇ ವಸ್ತಿಗೆ ಬಂದ. ನಸುಕಿನಲ್ಲಿ ಅಲ್ಲ, ಬಿಸಿಲೇರಿದ ಮೇಲೆ. ಲಾಠಿ ತಂದಿರಲಿಲ್ಲ. ಆ ದಿನ ಓಣಿಯ ಬಾಯಲ್ಲಿ ಕೂತು ಮಣಿಸರ ಮಾರುತ್ತಿದ್ದವಳು ಯಾರೆಂದು ಅವನು ಹೇಗೋ ತಿಳಿದುಕೊಂಡಿದ್ದ. ದಡ್ಡನೇನಲ್ಲ. ಗುಡಿಸಲಿನ ಹತ್ತಿರ ಬರುತ್ತಿದ್ದಂತೆ ಒಳಗಿನಿಂದ ಅವಳ ದನಿ ಬಂತು.

"ಬೂಟು."

ಅವನು ನಿಂತ. ನಂತರ ಬಗ್ಗಿ ಲಾಡಿ ಬಿಚ್ಚತೊಡಗಿದ. ಪೊಲೀಸರ ಬೂಟು ಬಿಚ್ಚಲು ಇಷ್ಟು ಹೊತ್ತು ಬೇಕೆಂದು ವಸ್ತಿಗೆ ಗೊತ್ತಾದದ್ದು ಆಗಲೇ. ಅಲ್ಲಿ ಯಾರೂ ಬಿಚ್ಚಿದ್ದನ್ನು ಕಂಡಿರಲಿಲ್ಲ. ಕಲೆಕ್ಟರ್ ಅಜ್ಜ ಬೇವಿನ ಕೆಳಗೆ ಕೂತು ಸಿನಿಮಾ ನೋಡುವಂತೆ ನೋಡಿದ.

"ಝುಂಬರಬಾಯಿ, ಒಳಗ ಬರಲೇನ್ರಿ?"

"ಅಲ್ಲೇ ಕಟ್ಟಿ ಮ್ಯಾಲ ಕೂಡ್ರಿ. ಒಲಿ ಮ್ಯಾಲ ಗಂಜಿ ಐತಿ. ಆದ ಮ್ಯಾಲ ಮಾತು."

ಅವನು ಕೂತ. ಗಂಜಿ ಕುದಿಯುವವರೆಗೂ ಕೂತ. ಅವಳು ಬೇಕೆಂದೇ ಉರಿ ಸಣ್ಣ ಮಾಡಿದ್ದಳೋ, ಸೌದೆ ಹಸಿಯಾಗಿತ್ತೋ, ಅವಳಿಗೇ ಗೊತ್ತು. ಕೊನೆಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

"ನೀವು ಓಣಿಯಾಗ ಇದ್ರಿ," ಎಂದ ಸೋನಟಕ್ಕೆ. "ಅವರನ್ನ ನೋಡೀರಿ. ನನಗ ಖಾತ್ರಿ ಐತಿ. ನಿಮ್ಮ ಮಾತಿಲ್ಲಂದ್ರ ಅವರನ್ನ ಹಿಡಿಯಾಕ ಆಗೂದಿಲ್ಲ."

"ನೋಡೀನಿ," ಎಂದಳು ಝುಂಬರಬಾಯಿ.

ಬೇವಿನ ಕೆಳಗೆ ಅಜ್ಜ ನೆಟ್ಟಗಾದ. ಸೋನಟಕ್ಕೆಯ ಮುಖ ಅರಳಿತು.

"ಹೇಳ್ರಿ. ಯಾರವರು?"

"ಹೇಳ್ತೀನ್ರಿ. ಅದಕ್ಕಿಂತ ಮೊದಲ ನೀವೊಂದು ಹೇಳ್ರಿ. ನನ್ನ ಮಗನ ಕೈ ಮುರದ ಮಗರ ಎಲ್ಲದಾನ?"

ಅವನು ತುಸು ತಡವರಿಸಿದ. "ಅವನ್ನ... ಸದ್ಯಕ್ಕ ರಜಾದ ಮ್ಯಾಲ ಕಳಿಸೀನಿ. ಅದು ನಮ್ಮ ಒಳಗಿನ ವಿಚಾರ. ಮ್ಯಾಲಿನವರು ನೋಡ್ತಾರ."

"ಪಗಾರ?"

"ಪಗಾರ ಬರ್ತೈತಿ... ರಜಾ ಅಂದ್ರ ಹಂಗ."

"ಉಜ್ವಲಾ ಎಲ್ಲದಾಳ?"

"ಆಕಿಗೆ ಬದಲಿ ಆತು," ಎಂದ, ನೆಲ ನೋಡುತ್ತ. "ನಾ ಮಾಡಿದ್ದಲ್ಲ."

ಝುಂಬರಬಾಯಿ ತಲೆಯಾಡಿಸಿದಳು. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಎನ್ನಿಸಿತು. ಇಷ್ಟು ಎಳೆಯ ಹುಡುಗನನ್ನು ಒಂದು ಬ್ಯಾನರು ಕೊಟ್ಟು ಕಳಿಸಿಬಿಟ್ಟಿದ್ದಾರಲ್ಲ. ಆದರೂ ಅಯ್ಯೋ ಎಂದು ಕೊಡುವ ವಸ್ತುವಲ್ಲ ಸಾಕ್ಷಿ.

"ನಿಮ್ಮ ಕಡೆ ಖರೇ ಹೇಳಿದಾಕಿ ಊರು ಬಿಟ್ಳು, ಕೈ ಮುರದಾವ ಮನ್ಯಾಗ ಕುಂತು ಪಗಾರ ತಿನ್ನಾಕತ್ತಾನ," ಎಂದಳು. "ಹಂಗಾದ್ರ ನನ್ನ ಸಾಕ್ಷೀನೂ ಸದ್ಯಕ್ಕ ರಜಾದ ಮ್ಯಾಲ ಹೋಗೇತ್ರಿ. ಮಗರನ್ನ ಕಟಕಟ್ಯಾಗ ನಿಲ್ಲಸ್ರಿ. ಉಜ್ವಲಾನ್ನ ಆಕಿ ಕುರ್ಚಿಗೆ ಕರಕೊಂಡು ಬರ್ರಿ. ಅವತ್ತು ಕರೀರಿ. ಎಲ್ಲಿದ್ರೂ ಬರ್ತೀನಿ, ಎಲ್ಲಾರ ಮುಂದ ಹೆಸರು ಹೇಳ್ತೀನಿ, ದೊಡ್ಡ ಮನಿ ಇರ್ಲಿ ಸಣ್ಣ ಮನಿ ಇರ್ಲಿ."

"ಅಲ್ಲೀತನ ಕಳ್ಳರು ಹೊರಗ ಇರ್ತಾರಲ್ರಿ."

"ಇರ್ತಾರ. ಇಷ್ಟು ದಿನಾ ಅವರ ಬದಲಿಗೆ ನಾವು ಒಳಗ ಇದ್ವಿ. ಈಗ ನಿಮ್ಮ ಊರು ಸ್ವಲ್ಪ ದಿನಾ ನಿದ್ದಿಗೆಡಲಿ."

ಸೋನಟಕ್ಕೆ ಎದ್ದ. ಅಂಗಳದ ಅಂಚಿಗೆ ಹೋಗಿ ಬಗ್ಗಿ ಬೂಟಿನೊಳಗೆ ಕಾಲು ತೂರಿಸಿ, ಲಾಡಿ ಕಟ್ಟತೊಡಗಿದ.

"ಫೌಜದಾರ," ಎಂದು ಝುಂಬರಬಾಯಿ ಕರೆದಳು.

ಅವನು ಥಟ್ಟನೆ ತಲೆ ಎತ್ತಿ, "ಹೇಳ್ರಿ," ಎಂದ. ಕಣ್ಣಿನಲ್ಲಿ ಆಸೆಯಿತ್ತು.

"ನಿಮ್ಮನ್ನಲ್ರಿ," ಎಂದಳು ಅವಳು. "ನನ್ನ ಫೌಜದಾರನ್ನ. ಗಂಜಿ ಆಗೇತಿ."

ಒಳಗಿನಿಂದ ಮಗ ಬಂದು ಒಲೆಯ ಮುಂದೆ ಕೂತ. ಬಲಗೈಯಲ್ಲಿ ಬಟ್ಟಲು ಹಿಡಿಯಲು ಅವನಿಗೆ ಇನ್ನೂ ಆಗುತ್ತಿರಲಿಲ್ಲ. ಅವಳು ಗಡಿಗೆಯಿಂದ ಬಗ್ಗಿಸಿ, ಊದಿ ಆರಿಸಿ, ಒಂದೊಂದೇ ಗುಟುಕು ಕುಡಿಸತೊಡಗಿದಳು. ಹೊರಗೆ ಲಾಡಿ ಕಟ್ಟುವುದು ಮುಗಿದ ಮೇಲೂ ಬೂಟಿನ ಸಪ್ಪಳ ಬಹಳ ಹೊತ್ತು ಶುರುವಾಗಲಿಲ್ಲ. ಅವಳು ತಿರುಗಿ ನೋಡಲಿಲ್ಲ.